ಕರಡು ನಿಮ್ಮದು, ಶುದ್ಧಪ್ರತಿ ಎಲ್ಲರದು

ಜಾನ್‌ಡೋ ಎಂಬಾತ 2023ರ ಜನವರಿ 1ರಿಂದ ಡಿಸೆಂಬರ್ 31ರ ತನಕ ಮಾಡಿದ ಕಮಿಟ್‌ಗಳನ್ನೆಲ್ಲ ಪಟ್ಟಿ ಮಾಡುವ ಕಮಾಂಡ್ ಬರೆಯಬೇಕು. ‘ಎಬಿಸಿ123’ ಎಂಬ ಗುರುತಿನ ಕಮಿಟ್ ತಂದ ಬದಲಾವಣೆಯನ್ನು ರದ್ದು ಮಾಡಿ ತೋರಿಸಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್ ಮೂರನೇ ಸೆಮಿಸ್ಟರಿಗೆ ಇಟ್ಟಿರುವ ಐಚ್ಛಿಕ ಲ್ಯಾಬ್‌ಗಳಲ್ಲಿ ‘ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ವಿತ್ ಗಿಟ್’ ಒಂದು. ಮೇಲಿನ ಎರಡೂ ಅದರ ಪ್ರಯೋಗಪಟ್ಟಿಯಲ್ಲಿ ಇರುವಂಥವು. ಜಾನ್‌ಡೋ ಯಾರೆಂದು ಯಾವ ಮೇಷ್ಟ್ರೂ ಕೇಳುವುದಿಲ್ಲ. ಕಮಾಂಡ್ ಸರಿಯಿದ್ದರೆ ರೆಕಾರ್ಡಿಗೆ ಸಹಿ ಬೀಳುತ್ತದೆ.

ಬಸವನಗುಡಿಯ ಸುತ್ತ ಎಂಜಿನಿಯರಿಂಗ್ ಕಾಲೇಜು ಹೊಸ ಸಂಗತಿಯಲ್ಲ. ಬುಲ್ ಟೆಂಪಲ್ ರಸ್ತೆಯ ಬಿ.ಎಂ.ಎಸ್. 1946ರದು, ವಿ.ವಿ. ಪುರದ ಕೆ.ಆರ್. ರಸ್ತೆಯಲ್ಲಿರುವ ಬಿಐಟಿ 1979ರದು. ಇಂಥ ಕಾಲೇಜುಗಳಿಂದ ಹೊರಬಿದ್ದು ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವರು ಮೊದಲ ವಾರದಲ್ಲೇ ಗಿಟ್ ಎದುರು ಕೂರುತ್ತಾರೆ. ಕಮಾಂಡ್‌ಗಳು ಬಾಯಿಗೆ ಬಂದಿರುತ್ತವೆ. ಆದರೂ ಅವರು ಕಳಿಸಿದ ಮೊದಲ ಕೋಡನ್ನು ತೆರೆದ ಸೀನಿಯರ್ ಹುಬ್ಬು ಗಂಟಿಕ್ಕುವುದುಂಟು. ಎಷ್ಟೋ ಸಲ ಕೋಡ್ ಸರಿಯಾಗೇ ಇರುತ್ತದೆ, ಕಳಿಸಿದ ಬಗೆ ಮಾತ್ರ ಕಸದ ಬುಟ್ಟಿ ಮಗುಚಿದಂತಿರುತ್ತದೆ. ಯಾವ ಕಮಾಂಡ್ ಏನು ಮಾಡುತ್ತದೆ ಎನ್ನುವುದನ್ನು ಲ್ಯಾಬ್ ಕಲಿಸುತ್ತದೆ. ಯಾವುದನ್ನು ಯಾವಾಗ ಬಳಸಬೇಕು, ಯಾವಾಗ ಮುಟ್ಟಲೇಬಾರದು ಎನ್ನುವುದು ಜೊತೆಯವರ ಕೈಲಿ ಬೈಸಿಕೊಂಡು ಕಲಿಯುವ ವಿದ್ಯೆಯಾಗಿ ಉಳಿದಿದೆ.

ಗಿಟ್ ಹುಟ್ಟಿದ್ದೇ ಒಂದು ಜಗಳದಿಂದ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ತಿರುಳನ್ನು ಜಗತ್ತಿನ ನಾನಾ ಮೂಲೆಗಳಿಂದ ಸಾವಿರಾರು ಜನ ಬರೆಯುತ್ತಾರೆ. ಅವರ ಬದಲಾವಣೆಗಳನ್ನು ಒಗ್ಗೂಡಿಸಲು 2002ರಿಂದ ಬಿಟ್‌ಕೀಪರ್ ಎಂಬ ಖಾಸಗಿ ಸಾಫ್ಟ್‌ವೇರನ್ನು ಪುಕ್ಕಟೆಯಾಗಿ ಬಳಸುತ್ತಿದ್ದರು. ಬಳಕೆಯ ಷರತ್ತಿನ ಬಗ್ಗೆ ತಕರಾರು ಎದ್ದು 2005ರಲ್ಲಿ ಕಂಪನಿ ಆ ಪುಕ್ಕಟೆ ಸೌಲಭ್ಯವನ್ನು ಹಿಂತೆಗೆದುಕೊಂಡಿತು. ಲಿನಕ್ಸ್‌ನ ಜನಕ ಲೈನಸ್ ಟೊರ್ವಾಲ್ಡ್ಸ್ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ಆ ಏಪ್ರಿಲ್‌ನಲ್ಲಿ ತಾವೇ ಒಂದು ಸಾಧನ ಬರೆಯಲು ಕುಳಿತರು. ಏಪ್ರಿಲ್ 7ರ ಹೊತ್ತಿಗೆ ಗಿಟ್ ತನ್ನ ಬದಲಾವಣೆಗಳನ್ನು ತಾನೇ ದಾಖಲಿಸಿಕೊಳ್ಳುವಷ್ಟು ಬೆಳೆದಿತ್ತು. ಅದೇ ವರ್ಷ ಜುಲೈನಲ್ಲಿ ಅದರ ಹೊಣೆಯನ್ನು ಜುನಿಯೊ ಹಮಾನೊ ಅವರಿಗೆ ಒಪ್ಪಿಸಿದರು. ಗಿಟ್ ಕಡತಗಳನ್ನು ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ ತಾಣ 2008ರಲ್ಲಿ ಬಂತು. 2018ರಲ್ಲಿ ಮೈಕ್ರೋಸಾಫ್ಟ್ ಅದನ್ನು 750 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿತು.

ಗಿಟ್‌ನ ಮೂಲ ಘಟಕ ಕಮಿಟ್. ಒಂದು ಗಳಿಗೆಯಲ್ಲಿ ಯೋಜನೆಯ ಕಡತಗಳೆಲ್ಲ ಹೇಗಿದ್ದವೋ ಹಾಗೇ ಹಿಡಿದಿಟ್ಟ ದಾಖಲೆ ಅದು. ಯಾರು, ಯಾವಾಗ, ಏಕೆ ಬದಲಿಸಿದರು ಎಂಬ ಟಿಪ್ಪಣಿಯೂ ಇದರ ಹಿಂದಿನ ಕಮಿಟ್ ಯಾವುದು ಎಂಬ ಕೊಂಡಿಯೂ ಅದರೊಳಗೇ ಇರುತ್ತವೆ. ಇವಿಷ್ಟನ್ನೂ ಗುಣಿಸಿ ಭಾಗಿಸಿ ಗಿಟ್ 40 ಅಕ್ಷರ–ಅಂಕಿಗಳ ಒಂದು ಗುರುತನ್ನು ಹುಟ್ಟಿಸುತ್ತದೆ. ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಗುರುತು ಬೇರೆಯಾಗುತ್ತದೆ. ಹಿಂದಿನದೊಂದು ಕಮಿಟ್ ಬದಲಾದರೆ ಅದರ ಮೇಲೆ ಕೂತ ಅಷ್ಟೂ ಕಮಿಟ್‌ಗಳ ಗುರುತು ಬದಲಾಗುತ್ತದೆ. ಈ ಒಂದು ಸಂಗತಿ ನೆನಪಿದ್ದರೆ ಮುಂದಿನ ಗೊಂದಲಗಳಲ್ಲಿ ಅರ್ಧದಷ್ಟು ತಾವಾಗಿ ಬಿಡಿಸಿಕೊಳ್ಳುತ್ತವೆ.

ಇದನ್ನು ಕನ್ನಡದ ಕೆಲಸವೊಂದಕ್ಕೆ ಇಳಿಸಿ ನೋಡಬಹುದು. ‘ಅಲರ್’ ವಿ. ಕೃಷ್ಣ ಅವರು ಒಬ್ಬರೇ ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು. ಒಂದೂವರೆ ಲಕ್ಷಕ್ಕೂ ಮಿಕ್ಕಿದ ಕನ್ನಡ ನಮೂದುಗಳು, 2 ಲಕ್ಷ 40 ಸಾವಿರಕ್ಕೂ ಹೆಚ್ಚು ಇಂಗ್ಲಿಷ್ ಅರ್ಥವಿವರಣೆಗಳು ಅದರಲ್ಲಿವೆ. ಮಲಯಾಳಕ್ಕೆ ‘ಓಳಂ’ ಎಂಬ ನಿಘಂಟುತಾಣ ಕಟ್ಟಿದ್ದ ಕೈಲಾಶ್ ನಾಥ್ ಅವರು ಇದನ್ನು 2019ರಲ್ಲಿ ಅಂತರ್ಜಾಲಕ್ಕೆ ತಂದರು. ಮಿಗಿಲಾದ ಮಾತೆಂದರೆ, ನಿಘಂಟಿನ ಇಡೀ ದತ್ತಾಂಶ ಮುಕ್ತ ಪರವಾನಗಿಯಡಿ ಗಿಟ್‌ಹಬ್‌ನಲ್ಲಿದೆ. ಯಾರು ಬೇಕಾದರೂ ಇಳಿಸಿಕೊಂಡು ತಮ್ಮ ಕೆಲಸಕ್ಕೆ ಬಳಸಬಹುದು.

ಈಗ ಇಬ್ಬರು ವಿದ್ಯಾರ್ಥಿಗಳನ್ನು ಕಲ್ಪಿಸಿಕೊಳ್ಳಿ. ಬಸವನಗುಡಿಯ ಹುಡುಗಿ, ಮಲ್ಲೇಶ್ವರದ ಹುಡುಗ. ಇಂಥ ದತ್ತಾಂಶವನ್ನು ಇಟ್ಟುಕೊಂಡು ಕನ್ನಡ ಪದಗಳ ಕಾಗುಣಿತ ನೋಡುವ ಸಣ್ಣ ಪ್ರೋಗ್ರಾಂ ಬರೆಯುವುದು ಅವರ ಪ್ರಾಜೆಕ್ಟ್. ಪದ ಹುಡುಕುವ ಭಾಗ ಅವಳದು, ಪದಪಟ್ಟಿ ಶುಚಿ ಮಾಡುವುದು ಅವನದು. ಇಬ್ಬರೂ ತಮ್ಮ ತಮ್ಮ ಬ್ರಾಂಚ್ ತೆಗೆದುಕೊಂಡಿದ್ದಾರೆ, ಅಂದರೆ ಮುಖ್ಯ ಸಾಲಿಗೆ ತೊಂದರೆಯಾಗದಂತೆ ಪಕ್ಕದಲ್ಲಿ ಕವಲೊಡೆದು ಕೆಲಸ ಮಾಡುತ್ತಿದ್ದಾರೆ. ಭಾನುವಾರ ರಾತ್ರಿಯ ಹೊತ್ತಿಗೆ ಅವಳ ಬ್ರಾಂಚಿನ ಚರಿತ್ರೆ ಹೀಗಿರುತ್ತದೆ: ‘ಹುಡುಕಾಟ ಶುರು’, ‘ಫಿಕ್ಸ್’, ‘ಮತ್ತೆ ಫಿಕ್ಸ್’, ‘ಊಟಕ್ಕೆ ಹೋಗ್ತಿದೀನಿ ಸೇವ್’, ‘ಪ್ರಿಂಟ್ ತೆಗೆದೆ’, ‘ಫೈನಲ್’, ‘ಫೈನಲ್ 2’.

ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಕೆಲಸ ನಡೆಯುವುದೇ ಹೀಗೆ. ಐದು ನಿಮಿಷಕ್ಕೊಮ್ಮೆ ಕಮಿಟ್ ಮಾಡುವವರು ಏನನ್ನೂ ಕಳೆದುಕೊಳ್ಳುವುದಿಲ್ಲ. ಆದರೆ ಇದನ್ನು ಹೀಗೇ ಗೆಳೆಯನಿಗೆ ಕಳಿಸಿದರೆ ಅವನು ಏಳು ತುಣುಕುಗಳನ್ನು ಓದಬೇಕು. ಅದರಲ್ಲಿ ಮೂರನೆಯದು ಎರಡನೆಯದನ್ನು ತಿದ್ದಿರುತ್ತದೆ, ಐದನೆಯದು ನಾಲ್ಕನೆಯದರಲ್ಲಿ ಸೇರಿದ್ದನ್ನು ಅಳಿಸಿರುತ್ತದೆ. ಹಿಂದೆ ಲೇಖಕರು ಹೊಡೆದು ಹಾಕಿ, ಬಾಣ ಬರೆದು, ಅಂಚಿನಲ್ಲಿ ಸೇರಿಸಿ ತುಂಬಿಸಿದ ಕರಡನ್ನು ಮನೆಯಲ್ಲಿ ಇಟ್ಟುಕೊಂಡು ಶುದ್ಧಪ್ರತಿ ಬರೆದು ಮುದ್ರಣಾಲಯಕ್ಕೆ ಕಳಿಸುತ್ತಿದ್ದರಲ್ಲ, ಗಿಟ್ ಬಲ್ಲವರು ಮಾಡುವುದೂ ಅದನ್ನೇ. ಶುದ್ಧಪ್ರತಿ ಬರೆಯಲು ಬೇಕಾದ ಸಲಕರಣೆಗಳೆಲ್ಲ ಅದರಲ್ಲೇ ಇವೆ.

ಶುಚಿಯಾಗಿಡುವುದು ಕಮಿಟ್‌ಗೂ ಮುಂಚೆಯೇ ಶುರುವಾಗುತ್ತದೆ. ಹುಡುಕಾಟದ ತಪ್ಪು ತಿದ್ದುತ್ತಿದ್ದಾಗ ಅವಳ ಕಣ್ಣಿಗೆ ಅದೇ ಕಡತದಲ್ಲಿ ಬೇರೊಂದು ಕಾಗುಣಿತದ ತಪ್ಪೂ ಬಿತ್ತು, ಅದನ್ನೂ ತಿದ್ದಿದಳು. ಎರಡಕ್ಕೂ ಸಂಬಂಧವಿಲ್ಲ. ‘ಗಿಟ್ ಆಡ್’ ಕಮಾಂಡಿಗೆ ‘-ಪಿ’ ಸೇರಿಸಿದರೆ ಗಿಟ್ ಬದಲಾವಣೆಯನ್ನು ತುಂಡು ತುಂಡಾಗಿ ತೋರಿಸಿ, ಇದನ್ನು ಸೇರಿಸಲೇ ಬೇಡವೇ ಎಂದು ಒಂದೊಂದಕ್ಕೂ ಕೇಳುತ್ತದೆ. ತುಂಡು ದೊಡ್ಡದಾಯಿತೆನಿಸಿದರೆ ಇನ್ನೂ ಚಿಕ್ಕದು ಮಾಡೆಂದು ಹೇಳಬಹುದು. ಹೀಗೆ ಒಂದೇ ಕಡತದ ಎರಡು ತಿದ್ದುಪಡಿ ಎರಡು ಕಮಿಟ್‌ಗಳಾಗಿ ಬೇರ್ಪಡುತ್ತವೆ. ಬಹಳ ಜನ ‘ಗಿಟ್ ಆಡ್’ ಮುಂದೆ ಒಂದು ಚುಕ್ಕಿ ಇಟ್ಟು ಎಲ್ಲವನ್ನೂ ಒಟ್ಟಿಗೆ ತುಂಬಿಬಿಡುತ್ತಾರೆ. ಅವಸರ ಬಿಟ್ಟು ‘-ಪಿ’ ರೂಢಿ ಮಾಡಿಕೊಂಡವರಿಗೆ ಇನ್ನೊಂದು ಲಾಭವಿದೆ. ಮರೆತು ಬಿಟ್ಟ ‘ಪ್ರಿಂಟ್’ ಸಾಲು, ಪರೀಕ್ಷೆಗೆಂದು ಹಾಕಿದ ಸುಳ್ಳು ಹೆಸರು, ತಮ್ಮದೇ ಮನೆಯ ಕಂಪ್ಯೂಟರಿನ ವಿಳಾಸ ಎಲ್ಲ ಕಳಿಸುವ ಮೊದಲೇ ಸಿಕ್ಕಿಬೀಳುತ್ತವೆ.

ಈಗ ತಾನೇ ಮಾಡಿದ ಕಮಿಟ್‌ನಲ್ಲಿ ಏನೋ ಬಿಟ್ಟುಹೋಗಿದ್ದರೆ ‘ಗಿಟ್ ಕಮಿಟ್ --ಅಮೆಂಡ್’ ಸಾಕು. ಹಳೆಯದರ ಜಾಗದಲ್ಲಿ ತಿದ್ದಿದ ಹೊಸ ಕಮಿಟ್ ಬಂದು ಕೂರುತ್ತದೆ. ನಡುವೆ ತುರ್ತಾಗಿ ಬೇರೆ ಬ್ರಾಂಚಿಗೆ ಹೋಗಬೇಕಾದರೆ ‘ಗಿಟ್ ಸ್ಟ್ಯಾಶ್’ ಅರ್ಧ ಮುಗಿದ ಕೆಲಸವನ್ನು ಪಕ್ಕಕ್ಕೆ ಎತ್ತಿಡುತ್ತದೆ.

ನಿಜವಾದ ಶುದ್ಧಪ್ರತಿಯ ಕೆಲಸ ನಡೆಯುವುದು ‘ಗಿಟ್ ರೀಬೇಸ್ -ಐ’ ಎಂಬಲ್ಲಿ. ಕೊಟ್ಟ ಕೂಡಲೇ ಎಡಿಟರ್ ತೆರೆದುಕೊಂಡು ಅವಳ ಏಳೂ ಕಮಿಟ್‌ಗಳು, ಹಳೆಯದು ಮೇಲೆ ಹೊಸದು ಕೆಳಗೆ, ಸಾಲಾಗಿ ನಿಲ್ಲುತ್ತವೆ. ಪ್ರತಿ ಸಾಲಿನ ಮೊದಲಿಗೆ ‘ಪಿಕ್’ ಎಂದಿರುತ್ತದೆ, ಅಂದರೆ ಇದ್ದಹಾಗೇ ಇರಲಿ. ಆ ಪದವನ್ನು ‘ರೀವರ್ಡ್’ ಎಂದು ಬದಲಿಸಿದರೆ ಟಿಪ್ಪಣಿ ತಿದ್ದಬಹುದು. ‘ಸ್ಕ್ವಾಶ್’ ಎಂದರೆ ಆ ಕಮಿಟ್ ಮೇಲಿನದರಲ್ಲಿ ಬೆರೆತು ಎರಡರ ಟಿಪ್ಪಣಿಯೂ ಉಳಿಯುತ್ತದೆ. ‘ಫಿಕ್ಸಪ್’ ಎಂದರೆ ಬೆರೆಯುತ್ತದೆ, ಟಿಪ್ಪಣಿ ಮಾತ್ರ ಮಾಯ. ‘ಡ್ರಾಪ್’ ಎಂದರೆ ಕಮಿಟ್ಟೇ ಮಾಯ. ಸಾಲುಗಳನ್ನು ಮೇಲೆ ಕೆಳಗೆ ಮಾಡಿ ಕ್ರಮವನ್ನೂ ಬದಲಿಸಬಹುದು. ಎಡಿಟರ್ ಮುಚ್ಚಿದರೆ ಗಿಟ್ ಮೇಲಿನಿಂದ ಒಂದೊಂದಾಗಿ ಹೊಸದಾಗಿ ಕಟ್ಟುತ್ತ ಬರುತ್ತದೆ. ಏಳು ಇದ್ದದ್ದು ಎರಡಾಯಿತು: ‘ಪದಪಟ್ಟಿಯಲ್ಲಿ ಹುಡುಕುವ ಸೌಲಭ್ಯ ಸೇರಿಸಿದೆ’, ‘ಒತ್ತಕ್ಷರವಿರುವ ಪದ ಸಿಗದಿದ್ದುದನ್ನು ಸರಿಪಡಿಸಿದೆ’. ಊಟಕ್ಕೆ ಹೋದ ಸುದ್ದಿ ಲೋಕಕ್ಕೆ ತಿಳಿಯುವುದಿಲ್ಲ.

ಟಿಪ್ಪಣಿ ಬರೆಯುವುದರಲ್ಲೂ ಒಂದು ಶಿಸ್ತು ರೂಢಿಯಲ್ಲಿದೆ. ಮೊದಲ ಸಾಲು ಐವತ್ತು ಅಕ್ಷರದ ಆಸುಪಾಸು, ಆಮೇಲೆ ಒಂದು ಖಾಲಿ ಸಾಲು, ಅದರ ಕೆಳಗೆ ಬೇಕಾದಷ್ಟು ವಿವರ. ಏನು ಬದಲಾಯಿತು ಎಂಬುದನ್ನು ಕೋಡೇ ತೋರಿಸುತ್ತದೆ. ಏಕೆ ಬದಲಾಯಿತು ಎಂಬುದನ್ನು ಬರೆದವರು ಹೇಳದಿದ್ದರೆ ಇನ್ಯಾರೂ ಹೇಳಲಾರರು. ಟಿಪ್ಪಣಿ ಕನ್ನಡದಲ್ಲಿದ್ದರೆ ಗಿಟ್‌ಗೆ ಯಾವ ತಕರಾರೂ ಇಲ್ಲ, ಕನ್ನಡದ ಎಂಜಿನಿಯರುಗಳಿಗೇ ಸಂಕೋಚ.

ಒಂದು ಕಮಿಟ್‌ಗೆ ಒಂದೇ ವಿಷಯ ಎಂಬ ಈ ನೇಮ ಬರೀ ಮಡಿವಂತಿಕೆಯಲ್ಲ. ಲಿನಕ್ಸ್ ತಂಡ ತನಗೆ ಬರುವ ತಿದ್ದುಪಡಿಗಳಿಗೆ ಇದನ್ನು ಬರವಣಿಗೆಯಲ್ಲೇ ವಿಧಿಸಿದೆ. ಕಾರಣ ಪ್ರಾಯೋಗಿಕವಾದದ್ದು. ಕಳೆದ ತಿಂಗಳು ಕೆಲಸ ಮಾಡುತ್ತಿದ್ದ ಪ್ರೋಗ್ರಾಂ ಈಗ ಕೆಟ್ಟಿದೆ, ನಡುವೆ 1024 ಕಮಿಟ್‌ಗಳಿವೆ ಅಂದುಕೊಳ್ಳಿ. ‘ಗಿಟ್ ಬೈಸೆಕ್ಟ್’ ಮಧ್ಯದ ಕಮಿಟ್ಟನ್ನು ತೆಗೆದು, ಇಲ್ಲಿ ಸರಿಯಿದೆಯೇ ಎಂದು ಕೇಳುತ್ತದೆ. ಉತ್ತರ ನೋಡಿ ಅರ್ಧವನ್ನು ಬಿಟ್ಟು ಉಳಿದ ಅರ್ಧದ ಮಧ್ಯಕ್ಕೆ ಹೋಗುತ್ತದೆ. ಹತ್ತು ಸಲ ಕೇಳುವಷ್ಟರಲ್ಲಿ ಕೆಡಿಸಿದ ಕಮಿಟ್ ಕೈಗೆ ಸಿಗುತ್ತದೆ. ಆ ಕಮಿಟ್ ಹತ್ತು ಸಾಲಿನದಾಗಿದ್ದರೆ ತಪ್ಪು ಎದುರಿಗೇ ಇರುತ್ತದೆ. ‘ವಾರದ ಕೆಲಸ’ ಎಂಬ ಹೆಸರಿನ ನಾಲ್ಕು ಸಾವಿರ ಸಾಲಿನದಾಗಿದ್ದರೆ ಹುಡುಕಾಟ ಅಲ್ಲಿಂದ ಮತ್ತೆ ಮೊದಲಾಗುತ್ತದೆ. ಅರ್ಧಂಬರ್ಧ ಕಮಿಟ್‌ಗಳು ನಡುವೆ ಸೇರಿಕೊಂಡಿದ್ದರೆ ಇನ್ನೂ ಕಷ್ಟ. ಪ್ರೋಗ್ರಾಂ ಓಡುವುದೇ ಇಲ್ಲವಾದ್ದರಿಂದ ಸರಿಯೋ ತಪ್ಪೋ ಎಂದು ಹೇಳಲೂ ಆಗುವುದಿಲ್ಲ.

ಇನ್ನು ಹಂಚಿಕೆ. ಅವಳು ಬರೆಯುತ್ತಿದ್ದಾಗ ಮಲ್ಲೇಶ್ವರದ ಹುಡುಗ ಸುಮ್ಮನಿರಲಿಲ್ಲ, ಅವನ ಕೆಲಸ ಆಗಲೇ ಮುಖ್ಯ ಸಾಲಿಗೆ ಸೇರಿದೆ. ಅದನ್ನು ಇಳಿಸಿಕೊಂಡು ತನ್ನದರ ಜೊತೆ ಹೊಂದಿಸಲು ಅವಳಿಗೆ ಎರಡು ದಾರಿ. ‘ಮರ್ಜ್’ ಮಾಡಿದರೆ ಎರಡೂ ಕವಲು ಹಾಗೇ ಉಳಿದು, ಇಲ್ಲಿ ಕೂಡಿದವು ಎಂದು ಹೇಳುವ ಒಂದು ಹೊಸ ಕಮಿಟ್ ಹುಟ್ಟುತ್ತದೆ. ‘ರೀಬೇಸ್’ ಮಾಡಿದರೆ ಅವಳ ಎರಡು ಕಮಿಟ್‌ಗಳನ್ನು ಕಿತ್ತು ಅವನ ಕೆಲಸದ ತುದಿಗೆ ಮತ್ತೆ ನೆಟ್ಟಂತಾಗಿ ಚರಿತ್ರೆ ನೇರ ಗೆರೆಯಾಗಿ ಕಾಣುತ್ತದೆ. ಯಾವುದು ಮೇಲು ಎಂಬ ವಾದ ಸಾಫ್ಟ್‌ವೇರ್ ಕಚೇರಿಗಳಲ್ಲಿ ಕಾಫಿಯ ಹೊತ್ತಿಗೆ ಮುಗಿಯುವಂಥದ್ದಲ್ಲ. ಸಣ್ಣ ತಂಡ, ದಿನಕ್ಕೆ ನಾಲ್ಕಾರು ತಿದ್ದುಪಡಿ ಎಂದಾದರೆ ರೀಬೇಸ್ ಓದುವುದಕ್ಕೆ ಹಿತ. ತಿಂಗಳುಗಟ್ಟಲೆ ಬೇರೆಯಾಗಿ ಬೆಳೆದ ದೊಡ್ಡ ಕವಲನ್ನು ಸೇರಿಸುವಾಗ, ಸೇರಿದ ಜಾಗ ಕಾಣುವಂತೆ ಮರ್ಜ್ ಮಾಡುವುದೇ ಪ್ರಾಮಾಣಿಕ.

ಇಬ್ಬರೂ ಒಂದೇ ಸಾಲನ್ನು ಮುಟ್ಟಿದ್ದರೆ ಗಿಟ್ ಕೈಚೆಲ್ಲುತ್ತದೆ. ಒಂದು ಸೂಚನಾವಾಕ್ಯದಲ್ಲಿ ಅವಳು ‘ತಿಂಡಿ’ ಎಂದು ಬರೆದಿದ್ದಾಳೆ, ಅವನು ‘ಉಪಾಹಾರ’ ಎಂದಿದ್ದಾನೆ. ಗಿಟ್ ಎರಡನ್ನೂ ಕಡತದಲ್ಲಿಟ್ಟು ಸುತ್ತ ಏಳೇಳು ಬಾಣದ ಗುರುತು, ನಡುವೆ ಏಳು ಸಮಚಿಹ್ನೆ ಹಾಕಿ ನಿಲ್ಲಿಸುತ್ತದೆ. ಆಗ ಫೋನ್ ಎತ್ತಬೇಕು. ‘ಲೋ, ಆ ಲೈನ್ ನೀನ್ಯಾಕೋ ಬದಲಾಯಿಸಿದೆ?’ ಎಂಬ ಒಂದು ಪ್ರಶ್ನೆ ಮಾಡುವ ಕೆಲಸವನ್ನು ಯಾವ ಕಮಾಂಡೂ ಮಾಡಲಾರದು. ಫೋನ್ ಮಾಡದೆ ಅವನ ಸಾಲನ್ನು ಅಳಿಸಿ ಮುಂದೆ ಹೋಗುವವರೂ ಇದ್ದಾರೆ. ಅಂಥವರ ಜೊತೆ ಪ್ರಾಜೆಕ್ಟ್ ಮಾಡಲು ಎರಡನೇ ಸಲ ಯಾರೂ ಬರುವುದಿಲ್ಲ.

ಈಗ ಅತಿ ಮುಖ್ಯವಾದ ಗೆರೆ. ‘ಗಿಟ್ ಪುಶ್’ ಕೊಟ್ಟು ಕೆಲಸವನ್ನು ಎಲ್ಲರೂ ಬಳಸುವ ಜಾಗಕ್ಕೆ ಏರಿಸುವ ತನಕ ಕಮಿಟ್‌ಗಳು ಬರೆದವರ ಸ್ವಂತ ಆಸ್ತಿ. ಕೂಡಿಸಬಹುದು, ಒಡೆಯಬಹುದು, ಸುಡಬಹುದು. ಏರಿಸಿ, ಅದರ ಮೇಲೆ ಇನ್ನೊಬ್ಬರು ಕೆಲಸ ಶುರು ಮಾಡಿದ ಮೇಲೆ ಆ ಹಕ್ಕು ಹೋಯಿತು. ಹಳೆಯ ಕಮಿಟ್ ತಿದ್ದಿದರೆ ಮುಂದಿನ ಗುರುತುಗಳೆಲ್ಲ ಬದಲಾಗುತ್ತವೆ ಎಂಬುದನ್ನು ನೆನೆಯಿರಿ. ಗೆಳೆಯನ ಕಂಪ್ಯೂಟರಿನಲ್ಲಿರುವ ಚರಿತ್ರೆಗೂ ಸರ್ವರಿನಲ್ಲಿರುವ ಚರಿತ್ರೆಗೂ ಆಗ ತಾಳೆಯೇ ಆಗುವುದಿಲ್ಲ. ಟೊರ್ವಾಲ್ಡ್ಸ್ ಕೂಡ ತಮ್ಮ ತಂಡಕ್ಕೆ 2009ರಲ್ಲಿ ಬರೆದ ಒಂದು ಪತ್ರದಲ್ಲಿ ಇದೇ ಭೇದವನ್ನು ಖಡಾಖಂಡಿತವಾಗಿ ಹೇಳಿದ್ದರು: ಸ್ವಂತದ್ದನ್ನು ರೀಬೇಸ್ ಮಾಡಿ ಚೊಕ್ಕಟಗೊಳಿಸಿ, ಬೇರೆಯವರ ಕೆಲಸದ ಚರಿತ್ರೆಯನ್ನು ಮುಟ್ಟಬೇಡಿ.

ಅಚ್ಚಿನ ಲೋಕಕ್ಕೆ ಈ ಗೆರೆ ಚೆನ್ನಾಗಿ ಗೊತ್ತು. ಚಾಮರಾಜಪೇಟೆಯ ಪಂಪ ಮಹಾಕವಿ ರಸ್ತೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತು, 1915ರಲ್ಲಿ ಹುಟ್ಟಿದ ಸಂಸ್ಥೆ, ಎಂಟು ಸಂಪುಟಗಳ ಕನ್ನಡ ನಿಘಂಟನ್ನು ಹೊರತಂದಿತು. ಮೊದಲ ಸಂಪುಟ 1970ರಲ್ಲಿ, ಎಂಟನೆಯದು 1995ರಲ್ಲಿ. ಬಹುಕಾಲ ಪ್ರಧಾನ ಸಂಪಾದಕರಾಗಿದ್ದ ಪ್ರೊ. ಜಿ. ವೆಂಕಟಸುಬ್ಬಯ್ಯ (1913–2021) ಮತ್ತು ಜೊತೆಯ ವಿದ್ವಾಂಸರು ಶಾಸನ, ಕಾವ್ಯಗಳಿಂದ ಪದಗಳನ್ನು ಪ್ರಯೋಗಸಹಿತ ಹೆಕ್ಕಿ ಒರೆಗೆ ಹಚ್ಚಿದರು. ಮೊದಲ ಮತ್ತು ಕೊನೆಯ ಸಂಪುಟಗಳ ನಡುವೆ ಕಾಲು ಶತಮಾನ. ಅಷ್ಟರಲ್ಲಿ ಮೊದಲ ಸಂಪುಟ ಎಷ್ಟೋ ಗ್ರಂಥಾಲಯಗಳ ಕಪಾಟು ಸೇರಿತ್ತು, ಎಷ್ಟೋ ಪ್ರಬಂಧಗಳಲ್ಲಿ ಪುಟಸಂಖ್ಯೆ ಸಹಿತ ಉಲ್ಲೇಖವಾಗಿತ್ತು. ಕರಡಚ್ಚಿನಲ್ಲಿ ಹಾಳೆಗಟ್ಟಲೆ ಹೊಡೆದು ಹಾಕಬಹುದು. ಅಚ್ಚಾಗಿ ಹೊರಬಿದ್ದ ಪುಸ್ತಕದಲ್ಲಿ ತಪ್ಪು ಕಂಡರೆ ಕೊನೆಗೊಂದು ಒಪ್ಪೋಲೆ ಸೇರಿಸಬೇಕು. ಓದುಗರ ಮನೆಗೆ ನುಗ್ಗಿ ಪುಟ ಹರಿಯುವಂತಿಲ್ಲ.

ಗಿಟ್‌ನ ಒಪ್ಪೋಲೆಯ ಹೆಸರು ‘ಗಿಟ್ ರಿವರ್ಟ್’. ತಪ್ಪು ಕಮಿಟ್ಟನ್ನು ಅಳಿಸದೆ, ಅದು ಮಾಡಿದ್ದನ್ನು ತಿರುವುಮುರುವು ಮಾಡುವ ಹೊಸ ಕಮಿಟ್ಟನ್ನು ಅದು ಮುಂದಕ್ಕೆ ಸೇರಿಸುತ್ತದೆ. ತಪ್ಪೂ ಉಳಿಯುತ್ತದೆ, ತಿದ್ದಿದ ದಾಖಲೆಯೂ ಉಳಿಯುತ್ತದೆ. ವಿಟಿಯು ಪಟ್ಟಿಯ ‘ಎಬಿಸಿ123’ ಪ್ರಶ್ನೆಗೆ ಉತ್ತರ ಇದೇ. ಆದರೆ ಅದೇ ಪಟ್ಟಿಯಲ್ಲಿ ರೀಬೇಸ್ ಕೂಡ ಇದೆ. ಹಂಚುವ ಮೊದಲು ರೀಬೇಸ್, ಹಂಚಿದ ಮೇಲೆ ರಿವರ್ಟ್ ಎಂಬ ಒಂದು ಸಾಲನ್ನು ರೆಕಾರ್ಡಿನ ಮೊದಲ ಪುಟದಲ್ಲೇ ಬರೆಸಿದ್ದರೆ ಎಷ್ಟೋ ಕಚೇರಿಗಳ ಸೋಮವಾರಗಳು ಸುಖವಾಗಿರುತ್ತಿದ್ದವು.

ಗೆರೆ ದಾಟುವ ಅಪಾಯಕಾರಿ ಕಮಾಂಡ್ ‘ಗಿಟ್ ಪುಶ್ --ಫೋರ್ಸ್’. ಸರ್ವರಿನಲ್ಲಿ ಏನಿದ್ದರೂ ಸರಿ, ನನ್ನದನ್ನೇ ಇಡು ಎಂದು ಹೇಳುವ ಜಬರದಸ್ತಿ ಅದು. ಒಬ್ಬರೇ ಬಳಸುವ ಬ್ರಾಂಚಿನಲ್ಲಿ ರೀಬೇಸ್ ಆದ ಮೇಲೆ ಇದು ಬೇಕಾಗುವುದುಂಟು. ಆಗಲೂ ‘--ಫೋರ್ಸ್-ವಿತ್-ಲೀಸ್’ ಎಂಬ ಸೌಮ್ಯ ರೂಪವನ್ನು ಬಳಸುವುದು ಜಾಣತನ. ನಾವು ಕೊನೆಯ ಸಲ ನೋಡಿದ ನಂತರ ಬೇರೆ ಯಾರಾದರೂ ಅಲ್ಲಿಗೆ ಏನಾದರೂ ಏರಿಸಿದ್ದರೆ ಅದು ಮುಂದುವರಿಯಲು ಒಪ್ಪುವುದಿಲ್ಲ.

ರೀಬೇಸ್ ಮಾಡಲು ಹೋಗಿ ಎಲ್ಲ ಕಳೆದುಕೊಂಡೆ ಎಂದು ಅಳುಮೋರೆ ಹಾಕುವವರಿಗೆ ಸಮಾಧಾನದ ಸುದ್ದಿಯೂ ಇದೆ. ಗಿಟ್ ಹಳೆಯ ಕಮಿಟ್ಟನ್ನು ತಕ್ಷಣ ಎಸೆಯುವುದಿಲ್ಲ. ‘ಗಿಟ್ ರೆಫ್‌ಲಾಗ್’ ಎಂದರೆ ಬ್ರಾಂಚಿನ ತುದಿ ಎಲ್ಲೆಲ್ಲಿ ಓಡಾಡಿತು ಎಂಬ ದಿನಚರಿ ತೆರೆದುಕೊಳ್ಳುತ್ತದೆ. ಯಾರಿಗೂ ಕೊಂಡಿಯಿಲ್ಲದೆ ಅನಾಥವಾದ ಕಮಿಟ್‌ನ ಸುಳಿವೂ ಮಾಮೂಲಿ ಸೆಟ್ಟಿಂಗ್‌ನಲ್ಲಿ 30 ದಿನ ಅಲ್ಲಿ ಉಳಿದಿರುತ್ತದೆ. ಹಳೆಯ ಗುರುತನ್ನು ಹುಡುಕಿ ಅಲ್ಲಿಂದ ಹೊಸ ಬ್ರಾಂಚ್ ತೆಗೆದರೆ ಕೆಲಸ ವಾಪಸ್. ಕಮಿಟ್ಟೇ ಮಾಡದೆ ಅಳಿಸಿಕೊಂಡದ್ದಕ್ಕೆ ಮಾತ್ರ ಈ ರಕ್ಷಣೆಯಿಲ್ಲ.

ಇದಕ್ಕೆ ತದ್ವಿರುದ್ಧವಾದ ತೊಂದರೆ ಗುಟ್ಟುಗಳದು. ಡೇಟಾಬೇಸಿನ ಪಾಸ್‌ವರ್ಡ್ ಇರುವ ಕಡತವನ್ನು ಗೊತ್ತಿಲ್ಲದೆ ಗಿಟ್‌ಹಬ್‌ಗೆ ಏರಿಸಿ, ಮುಂದಿನ ಕಮಿಟ್‌ನಲ್ಲಿ ಅಳಿಸಿದರೆ ಅದು ಚರಿತ್ರೆಯಲ್ಲಿ ಇದ್ದೇ ಇರುತ್ತದೆ. ಚರಿತ್ರೆಯನ್ನೇ ಹೊಸದಾಗಿ ಬರೆದರೂ ಅಷ್ಟರಲ್ಲಿ ಇಳಿಸಿಕೊಂಡವರ ಪ್ರತಿಯಲ್ಲಿ ಉಳಿದಿರುತ್ತದೆ. ಮೊದಲು ಪಾಸ್‌ವರ್ಡ್ ಬದಲಿಸಬೇಕು, ಗುಡಿಸುವ ಕೆಲಸ ಆಮೇಲೆ.

ಕನ್ನಡದ ಕಡತಗಳನ್ನು ಗಿಟ್‌ನಲ್ಲಿ ಇಟ್ಟವರಿಗೆ ಇಂಗ್ಲಿಷಿನವರು ಕಾಣದ ಕೆಲವು ವಿಚಿತ್ರಗಳು ಎದುರಾಗುತ್ತವೆ. ಕಡತಕ್ಕೆ ‘ಬಸವನಗುಡಿ’ ಎಂದು ಹೆಸರಿಟ್ಟು ‘ಗಿಟ್ ಸ್ಟೇಟಸ್’ ಕೊಟ್ಟರೆ ಹೆಸರಿನ ಜಾಗದಲ್ಲಿ \340\262\254 ಎಂದು ಶುರುವಾಗುವ ಅಂಕಿಗಳ ಸರಮಾಲೆ ಬರುತ್ತದೆ. ಗಾಬರಿಯಾಗಬೇಕಿಲ್ಲ. ಯೂನಿಕೋಡಿನ ಕನ್ನಡ ಅಕ್ಷರವೊಂದು ಕಡತದಲ್ಲಿ ಮೂರು ಬೈಟ್ ಹಿಡಿಯುತ್ತದೆ, ಆ ಮೂರು ‘ಬ’ ಅಕ್ಷರದ ಬೈಟ್‌ಗಳು. ಗಿಟ್ ಅವನ್ನು ಎಂಟರ ಎಣಿಕೆಯಲ್ಲಿ ತೋರಿಸುತ್ತಿದೆ, ಅಷ್ಟೆ. ‘ಕೋರ್.ಕೋಟ್‌ಪಾತ್’ ಎಂಬ ಸೆಟ್ಟಿಂಗನ್ನು ‘ಫಾಲ್ಸ್’ ಮಾಡಿದರೆ ಬಸವನಗುಡಿ ಬಸವನಗುಡಿಯಾಗಿಯೇ ಕಾಣುತ್ತದೆ.

ಇನ್ನೊಂದು ಸೂಕ್ಷ್ಮ. ಎರಡು ಸಾಲು ಕಣ್ಣಿಗೆ ತದ್ರೂಪ, ಗಿಟ್ ಮಾತ್ರ ಬೇರೆ ಬೇರೆ ಎನ್ನುತ್ತದೆ. ‘ಕೋ’ ಎಂಬುದನ್ನು ‘ಕ’ ಮತ್ತು ಒಂದೇ ಸ್ವರಚಿಹ್ನೆಯಾಗಿ ಇಡಬಹುದು, ಅದೇ ಚಿಹ್ನೆಯನ್ನು ಮೂರು ತುಣುಕಾಗಿ ಒಡೆದೂ ಇಡಬಹುದು. ಯೂನಿಕೋಡ್ ಪ್ರಕಾರ ಎರಡೂ ಸಮಾನ, ಬೈಟ್ ಎಣಿಸುವ ಗಿಟ್‌ಗೆ ಸಮಾನವಲ್ಲ. ಪದದ ಕೊನೆಯಲ್ಲಿ ಕಾಣದ ಹಾಗೆ ಸೇರಿಕೊಂಡ ಶೂನ್ಯ ಅಗಲದ ಚಿಹ್ನೆಗಳೂ ಇದೇ ಆಟ ಆಡುತ್ತವೆ. ಮಲ್ಲೇಶ್ವರದ ಹುಡುಗನ ಪದಪಟ್ಟಿಯಲ್ಲಿ ಒಂದೇ ಪದ ಎರಡೆರಡು ಸಲ ಕಂಡರೆ ಕಾರಣ ಹೆಚ್ಚಾಗಿ ಇದೇ. ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಆ ಬದಲಾವಣೆಯನ್ನು ಅವನು ಪ್ರತ್ಯೇಕ ಕಮಿಟ್ ಮಾಡಬೇಕು. ಅರ್ಥ ತಿದ್ದಿದ ಹತ್ತು ಸಾಲು ಸಾವಿರಾರು ಯಾಂತ್ರಿಕ ಸಾಲುಗಳ ನಡುವೆ ಹುದುಗಿಹೋದರೆ ಅವಳು ಅದನ್ನು ಹೆಕ್ಕಿ ಓದುವುದಾದರೂ ಹೇಗೆ?

ಗದ್ಯವನ್ನು ಗಿಟ್‌ನಲ್ಲಿಟ್ಟವರಿಗೆ ‘ಗಿಟ್ ಡಿಫ್ --ವರ್ಡ್-ಡಿಫ್’ ದೊಡ್ಡ ಉಪಕಾರಿ. ಗಿಟ್ ಸಾಲುಸಾಲಾಗಿ ಹೋಲಿಸುತ್ತದೆ. ಪ್ಯಾರಾ ಇಡಿಯಾಗಿ ಒಂದೇ ಸಾಲಾಗಿದ್ದರೆ ಒಂದು ಪದ ಬದಲಾದರೂ ಪ್ಯಾರಾ ಪೂರ್ತಿ ಬದಲಾದಂತೆ ತೋರುತ್ತದೆ, ಈ ಕಮಾಂಡ್ ಬದಲಾದ ಪದವನ್ನಷ್ಟೇ ಎತ್ತಿ ತೋರಿಸುತ್ತದೆ. ಆದರೆ ಇದೆಲ್ಲ ಯೂನಿಕೋಡ್ ಪಠ್ಯಕ್ಕೆ. ಹಳೆಯ ನುಡಿ ಫಾಂಟಿನ ಪಠ್ಯ ಒಳಗೆ ಇಂಗ್ಲಿಷ್ ಅಕ್ಷರ–ಚಿಹ್ನೆಗಳ ಕಲಸುಮೇಲೋಗರವಾದ್ದರಿಂದ ಗಿಟ್ ತೋರಿಸುವ ವ್ಯತ್ಯಾಸವನ್ನು ಮನುಷ್ಯರು ಓದಲಾಗದು. ಡಿಟಿಪಿ ಅಂಗಡಿಗಳ ಪೇಜ್‌ಮೇಕರ್ ಕಡತ ಗಿಟ್‌ಗೆ ಬರೀ ಗಂಟು. ಒಳಗೇನು ಬದಲಾಯಿತೆಂದು ಅದು ಹೇಳಲಾರದು, ಬದಲಾಗಿದೆ ಎಂದಷ್ಟೇ ಹೇಳಬಲ್ಲದು. ‘ಫೈನಲ್’, ‘ಫೈನಲ್ ಕರೆಕ್ಷನ್’, ‘ಹೊಸ ಫೈನಲ್’ ಎಂಬ ಕಡತಗಳ ಪರಂಪರೆ ಅಲ್ಲಿ ಇನ್ನೂ ಕೆಲವು ಕಾಲ ಬಾಳುವಂತಿದೆ.

ಕೋಡೂ ಅಲ್ಲದ, ಸಾಹಿತ್ಯವೂ ಅಲ್ಲದ ಮೂರನೆಯ ಬಗೆಯ ಬದಲಾವಣೆಗೂ ಇದೇ ಊರು ಉದಾಹರಣೆ ಒದಗಿಸುತ್ತದೆ. ಬೆಂಗಳೂರಿನಲ್ಲಿ ಶುರುವಾದ ಡೇಟಾಮೀಟ್ ಎಂಬ ದತ್ತಾಂಶಾಸಕ್ತರ ಬಳಗ ಹಲವು ನಗರಗಳ ವಾರ್ಡ್ ನಕ್ಷೆಗಳನ್ನು ಗಿಟ್‌ಹಬ್‌ನಲ್ಲಿ ಮುಕ್ತವಾಗಿ ಇಟ್ಟಿದೆ. ಬೆಂಗಳೂರಿನದೂ ಅದರಲ್ಲಿದೆ. ನಕ್ಷೆ ಎಂದರೆ ಇಲ್ಲಿ ಚಿತ್ರವಲ್ಲ. ವಾರ್ಡಿನ ಗಡಿ ಎಲ್ಲೆಲ್ಲಿ ತಿರುಗುತ್ತದೋ ಅಲ್ಲಲ್ಲಿನ ರೇಖಾಂಶ–ಅಕ್ಷಾಂಶಗಳನ್ನು ಮೊದಲು 77 ಚಿಲ್ಲರೆ, ಆಮೇಲೆ 12 ಚಿಲ್ಲರೆ ಎಂದು ಸಾಲಾಗಿ ಬರೆದ ಪಠ್ಯಕಡತ. ಪಠ್ಯವಾದ್ದರಿಂದ ಗಿಟ್ ಅದರ ಬದಲಾವಣೆಯನ್ನು ಹಿಡಿಯಬಲ್ಲದು. ಅಂಕಿಗಳ ರಾಶಿಯಲ್ಲಿ ಮನುಷ್ಯರಿಗೆ ಏನೂ ತಿಳಿಯದು, ಗಿಟ್‌ಹಬ್ ಅದನ್ನೇ ನಕ್ಷೆಯಾಗಿ ಬಿಡಿಸಿ ತೋರಿಸುತ್ತದೆ. ಕೆಲವು ನಕ್ಷೆ ತಂತ್ರಾಂಶಗಳು ಇಡೀ ಕಡತವನ್ನು ಒಂದೇ ಸಾಲಿನಲ್ಲಿ ಬರೆದು ಎಲ್ಲ ಕೆಡಿಸುತ್ತವೆ, ಒಂದು ಬೀದಿಯ ತಿರುವು ಸರಿದರೆ ಊರೇ ಬದಲಾದಂತೆ ಕಾಣುತ್ತದೆ. ವಾರ್ಡಿಗೆ ಒಂದು ಸಾಲು ಎಂದು ಬರೆಸಿಕೊಂಡರೆ ಆ ಗೋಳು ತಪ್ಪುತ್ತದೆ.

ಬೆಂಗಳೂರಿನ ವಾರ್ಡುಗಳೇ ಬದಲಾಗುತ್ತ ಬಂದಿವೆ. 2010ರ ಬಿಬಿಎಂಪಿ ಚುನಾವಣೆ ನಡೆದದ್ದು 198 ವಾರ್ಡುಗಳ ಮೇಲೆ. ಆ ಪಟ್ಟಿಯಲ್ಲಿ ಮಲ್ಲೇಶ್ವರ 45, ಚಾಮರಾಜಪೇಟೆ 140, ಬಸವನಗುಡಿ 154. ಸರ್ಕಾರ 2022ರಲ್ಲಿ ಅದನ್ನು 243 ಮಾಡಿತು, 2023ರಲ್ಲಿ 225 ಮಾಡಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರಪಾಲಿಕೆಗಳು ಬಂದವು. ಹೊಸ ನಕ್ಷೆ ಬಂದಿತೆಂದು ಹಳೆಯದರ ಮೇಲೆ ಬರೆದುಬಿಟ್ಟರೆ ಎಲ್ಲ ಅಧ್ವಾನವಾಗುತ್ತದೆ. ಏಕೆಂದರೆ 2011ರ ಜನಗಣತಿಯ ವಾರ್ಡುವಾರು ಅಂಕಿಗಳು 198ರ ಲೆಕ್ಕದವು. ಬಸವನಗುಡಿಯಲ್ಲಿ ಎಷ್ಟು ಜನರಿದ್ದರು ಎಂದು ಇವತ್ತು ಲೆಕ್ಕ ಹಾಕುವವರಿಗೆ 154ನೇ ವಾರ್ಡಿನ ಹಳೆಯ ಗಡಿಯೇ ಬೇಕು. ಅಂಥ ಕಡೆ ಪ್ರತಿ ಪರಿಷ್ಕರಣೆಯನ್ನೂ ಒಂದು ಕಮಿಟ್ ಮಾಡಿ, ‘ಗಿಟ್ ಟ್ಯಾಗ್’ ಕೊಟ್ಟು ಹೆಸರು ಅಂಟಿಸುತ್ತಾರೆ. ಹದಿನೈದು ವರ್ಷ ಕಳೆದ ಮೇಲೂ ಆ ಹೆಸರು ಹೇಳಿ ‘ಚೆಕ್‌ಔಟ್’ ಮಾಡಿದರೆ ಅಂದಿನ ನಕ್ಷೆ ಹಾಗೇ ಬರುತ್ತದೆ. ಟಿಪ್ಪಣಿಯಲ್ಲಿ ‘ಅಪ್‌ಡೇಟ್’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಯಾವ ಅಧಿಸೂಚನೆ, ಯಾವ ದಿನಾಂಕ, ಗಡಿಯನ್ನು ಯಾವ ದಾಖಲೆಯಿಂದ ತೆಗೆದದ್ದು ಎಂಬ ಮೂರನ್ನೂ ಅಲ್ಲಿ ಬರೆಯಬೇಕು.